ಗಂಗೆಯಲ್ಲಿ ಬಿಟ್ಟದ್ದು

ಕಾಶಿಗೆ ಹೋದವರು ಅಲ್ಲಿ ಏನು ಬಿಟ್ಟು ಬಂದರು ಎಂಬುದಕ್ಕಿಂತ ಗಹನವಾದ ಪ್ರಶ್ನೆ ಆ ಚವತಿ ಹಬ್ಬಕ್ಕೆ ಮುಂಚೆ ಕಾಣಕೋಣದ ಪೇಟೆಯಲ್ಲಿ ಇನ್ನೊಂದಿರಲಿಲ್ಲ. ತನಗೆ ಇಷ್ಟವಾದ ಒಂದನ್ನು ಗಂಗೆಯಲ್ಲಿ ಬಿಟ್ಟರಷ್ಟೇ ಯಾತ್ರೆ ಪೂರ್ತಿ. ಸೀರೆ ಅಂಗಡಿಯ ಶಿವಲಿಂಗಪ್ಪ ಹಾಗಲಕಾಯಿ ಬಿಟ್ಟಿದ್ದ. ಅವನ ಹೆಂಡತಿ ಮುರುಗೆವ್ವ ಸೊಂಟದವರೆಗೆ ನೀರಿಗಿಳಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದು ಮೂರು ಸಲ ಮುಳುಗಿದ್ದಳು. ಏನು ಬಿಟ್ಟಳೆಂದು ಅವನು ಕೇಳಲಿಲ್ಲ. ಬದನೆಕಾಯಿ ಇದ್ದೀತು ಎಂದುಕೊಂಡ. ವಿಶ್ವನಾಥನ ಸಾಲು, ಅನ್ನಪೂರ್ಣೆಯ ಸಾಲು, ಕಾಲಭೈರವನ ಸಾಲು ಎಲ್ಲದರಲ್ಲೂ ನಿಂತು, ಬಾತ ಕಾಲು ಎಳೆದುಕೊಂಡು ಊರಿಗೆ ಬಂದ. ಹಬ್ಬಕ್ಕೆ ತರಿಸಿದ ನಾನೂರು ಸೀರೆ ಅಂಗಡಿಯಲ್ಲಿ ಅವನಿಗಾಗಿ ಕಾದಿದ್ದವು.

ಬದನೆಕಾಯಿ ಅಲ್ಲವೆಂದು ತಿಳಿದದ್ದು ಬಾಗಿಲು ತೆರೆದ ಮೊದಲ ದಿನ. ಮನೆ ಕಟ್ಟುವ ಗೌಂಡಿಯ ಹೆಂಡತಿ ಲಕ್ಷ್ಮವ್ವ ಕೆಂಪು ಸೀರೆಯೊಂದನ್ನು ಬೆಳಕಿಗೆ ಹಿಡಿದು, ಎಲ್ಲರೂ ಕೇಳುವುದನ್ನೇ ಕೇಳಿದಳು.

"ಬಣ್ಣ ಹೋಗಂಗಿಲ್ಲಲ್ರಿ ಅಕ್ಕಾರ?"

ಇಪ್ಪತ್ತೆರಡು ವರ್ಷದಿಂದ ಇದಕ್ಕೆ ಮುರುಗೆವ್ವನ ಉತ್ತರ ಒಂದೇ ಇತ್ತು: 'ಸೀರಿ ಹರದೀತು, ಬಣ್ಣ ಹೋಗಂಗಿಲ್ಲವ್ವ.' ಆ ಒಂದು ಮಾತಿನ ಬಲದ ಮೇಲೆ ಅಂಗಡಿಯ ಮೇಲೊಂದು ಮನೆ ಎದ್ದಿತ್ತು.

"ಹೋಗತೈತಿ," ಎಂದಳು ಮುರುಗೆವ್ವ. "ಮೊದಲ ಸಲ ಒಗದಾಗನ ಹೋಗತೈತಿ. ಅದರ ಜೋಡಿ ನಿನ್ನ ಗಂಡನ ಅಂಗಿ ನೆನಿ ಇಟ್ಟಿದ್ರ ಅದೂ ಕೆಂಪಗಾಗತೈತಿ."

ಗಲ್ಲಾದಲ್ಲಿ ಕೂತಿದ್ದ ಶಿವಲಿಂಗಪ್ಪ ಹಲ್ಲು ಕಿರಿದ. "ಚಾಷ್ಟಿ ಮಾಡಾಕತ್ತಾಳವ್ವ."

"ಚಾಷ್ಟಿ ಅಲ್ರಿ. ನಾ ಗಂಗಿಯೊಳಗ ಸುಳ್ಳು ಬಿಟ್ಟು ಬಂದೇನಿ."

"ಏ, ನಿನಗೇನ ಹುಚ್ಚ ಹಿಡದೈತೇನ? ಮಂದಿ ಕಾಯಿಪಲ್ಲೆ ಬಿಡತಾರ, ಹಣ್ಣ ಬಿಡತಾರ. ಸುಳ್ಳು ಯಾರರ ಬಿಡತಾರೇನ?"

"ಭಾಳ ಸೇರೋದನ್ನ ಬಿಡ್ರಿ ಅಂತ ಭಟ್ರು ಅಂದ್ರಲ್ಲ. ನೀರಾಗ ನಿಂತು ವಿಚಾರ ಮಾಡಿದೆ. ಅದರಷ್ಟು ರುಚಿ ಮತ್ತೊಂದು ನೆನಪಾಗಲಿಲ್ಲ."

ಲಕ್ಷ್ಮವ್ವ ಸೀರೆ ಕೆಳಗಿಟ್ಟಳು. "ಹಂಗಾರ ಸಾವಕಾರ್ರು ಏನು ಬಿಟ್ರಿ?"

ಶಿವಲಿಂಗಪ್ಪನಿಗೆ ಥಟ್ಟನೆ ಕೆಮ್ಮು ಬಂತು. ಉತ್ತರ ಮುರುಗೆವ್ವನೇ ಕೊಟ್ಟಳು. "ಹಾಗಲಕಾಯಿ."

"ಅಯ್ಯ, ಭಾಳ ಸೇರತಿತ್ತೇನ್ರಿ?"

"ಲಗ್ನ ಆದಾಗಿಂದ ಒಂದು ಹೋಳೂ ಬಾಯಾಗ ಹಾಕ್ಕೊಂಡಿಲ್ಲ."

ಅಂದು ಸಂಜೆ ಶಿವಲಿಂಗಪ್ಪ ಪಾಕೀಟಿನಿಂದ ಕಾಶಿಯ ಭಟ್ಟರ ಕಾರ್ಡು ಹುಡುಕಿ ಫೋನು ಹಚ್ಚಿದ. ಬಿಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಏನಾದರೂ ಶಾಂತಿ, ಹೋಮ, ದಕ್ಷಿಣೆ ಉಂಟೇ ಎಂದು ತನ್ನ ಅಂಗಡಿ ಹಿಂದಿಯಲ್ಲಿ ಕೇಳಿದ. ದಕ್ಷಿಣೆಯ ಮಾತಿಗೆ ಭಟ್ಟರು ಮೊದಲು ಉತ್ಸಾಹ ತೋರಿಸಿದರು. ಬಿಟ್ಟದ್ದು ಸುಳ್ಳು ಎಂದು ತಿಳಿದ ಮೇಲೆ ಆ ಮಾತು ಕೈಬಿಟ್ಟರು. ಬದನೆಕಾಯಿಯಾಗಿದ್ದರೆ ಏನಾದರೂ ದಾರಿ ತೆಗೆಯಬಹುದಿತ್ತು, ಇದಕ್ಕೆ ವಿಧಿ ತಮಗೆ ಗೊತ್ತಿಲ್ಲ ಎಂದರು. ಏಳು ತಲೆಮಾರಿನಿಂದ ತಮ್ಮದು ಇದೇ ಘಾಟು, ಇದನ್ನು ಬಿಟ್ಟವರನ್ನು ಯಾರೂ ಕಂಡಿಲ್ಲ. ತಮ್ಮ ಮನೆಯಲ್ಲಂತೂ ಯಾರೂ ಬಿಟ್ಟಿಲ್ಲ.

ಮರುದಿನ ಶಿವಲಿಂಗಪ್ಪ ಹೆಂಡತಿಗೆ ಮೈ ಸರಿಯಿಲ್ಲವೆಂದು ಸಾರಿ, ಅವಳನ್ನು ಮೇಲೆ ಮನೆಯಲ್ಲಿ ಕೂಡಿಸಿ, ತಾನೇ ಸೀರೆ ಬಿಚ್ಚಿ ತೋರಿಸಲು ಕೂತ. ಅಷ್ಟರಲ್ಲಿ ಲಕ್ಷ್ಮವ್ವನ ಬಾಯಿ ಗೌಂಡಿಗಳ ಶೆಡ್ಡುಗಳನ್ನೆಲ್ಲ ಸುತ್ತಿ ಬಂದಿತ್ತು. ಹೆಂಗಸರು ಹಿಂಡುಹಿಂಡಾಗಿ ಬಂದರು. ಸೀರೆ ಆರಿಸಿದರು. ದರ ಕೇಳಲಿಲ್ಲ. "ಒಂದೀಟು ಅಕ್ಕಾರಿಗೆ ತೋರಿಸಿ ಬರತೇವ್ರಿ, ಪಾಪ, ಆರಾಮಿಲ್ಲಂತ," ಎಂದು ಸೀರೆ ಬಗಲಲ್ಲಿಟ್ಟು ಮೆಟ್ಟಿಲು ಹತ್ತಿದರು.

ಮೇಲಿಂದ ಗಂಟಲು ಗಟ್ಟಿಯಿದ್ದ ರೋಗಿಯ ಧ್ವನಿ ಸಂಜೆಯವರೆಗೂ ಕೇಳುತ್ತಿತ್ತು: "ಹೋಗತೈತಿ... ಇದೂ ಹೋಗತೈತಿ... ಇದು ಹೋಗಂಗಿಲ್ಲ, ತಗೋ... ಅದು ಹೋಗತೈತಿ."

ಆ ಚವತಿಗೆ ಶಿವಲಿಂಗಪ್ಪನ ಅಂಗಡಿಯಲ್ಲಿ ಬಣ್ಣ ಹೋಗದ ಸೀರೆಗಳೆಲ್ಲ ಮಾರಾಟವಾದವು. ಅವು ಹನ್ನೊಂದಿದ್ದವು.