ಕೂಸಿನ ತೂಕ

ಔಷಧಿ ಕುಡಿಸಲೆಂದು ಮಗುವನ್ನು ಎತ್ತಿಕೊಂಡ ಅಶ್ಮಿತಾ ಅಲ್ಲೇ ತಡೆದಳು. ಮಗು ಅಷ್ಟು ಹಗುರವಾಗಿತ್ತು. ಕೋಪರಖೈರಣೆಯಲ್ಲಿ ಕಟ್ಟಡ ಕೆಲಸಗಾರರಿಗೆಂದು ನಡೆದ ಉಚಿತ ಶಿಬಿರದಲ್ಲಿ ಔಷಧಿ ಅಳೆದು ಕೊಡುವುದು, ಫಾರ್ಮಸಿ ಕಲಿಯುತ್ತಿದ್ದ ಅವಳ ಪಾಲಿನ ಕೆಲಸ. ಮಗುವಿನ ತೂಕದ ಪ್ರತಿ ಕಿಲೋಗೆ ಹದಿನೈದು ಮಿಲಿಗ್ರಾಂ ಎಂದು ಡಾಕ್ಟರು ಬರೆದಿದ್ದರು. ಎರಡು ವರ್ಷದ ಮಗುವೆಂದರೆ ಹನ್ನೆರಡು ಕಿಲೋ ಎಂದು ಪುಸ್ತಕದಂತೆ ಗುಣಿಸಿ ಅವಳು ಡ್ರಾಪರ್ ತುಂಬಿದ್ದಳು.

“ಅಕ್ಕಾ, ಇವಳ ತೂಕ ಎಷ್ಟು?”

“ತೂಕ ಯಾರ ಮಾಡ್ಯಾರ್ರೀ?” ಎಂದಳು ತಾಯಿ ಮರಗಮ್ಮ.

ಅಶ್ಮಿತಾ ಪಕ್ಕದ ರದ್ದಿ ಅಂಗಡಿಗೆ ಓಡಿ ಮಗುವನ್ನು ತಕ್ಕಡಿಯಲ್ಲಿ ಕೂರಿಸಿದಳು. ಬರೀ ಆರು ಕಿಲೋ! ಡ್ರಾಪರಿನಿಂದ ಅರ್ಧ ಔಷಧಿಯನ್ನು ಅವಳು ನೆಲಕ್ಕೆ ಚೆಲ್ಲಿದಳು.

ಮರಗಮ್ಮನ ಮುಖ ಸಣ್ಣದಾಯಿತು. “ನಮಗ್ಯಾಕ ಅರ್ಧ ಕೊಡ್ತೀರಿ? ಮುಂಜಾನೆ ಕಾಂಚನಾನ ಕೂಸಿಗೆ ತುಂಬ ಕೊಟ್ರಿ. ಅದೂ ಎರಡ ವರ್ಷದ್ದ, ಮೈ ಇದಕ್ಕಿಂತ ಸಣ್ಣದೈತ್ರೀ.”

ಕಾಂಚನಾಳ ಕೈಗೆ ಕೊಟ್ಟ ಔಷಧಿ ಬಾಟಲಿಯ ಮೇಲೆ ಅದೇ ತುಂಬು ಅಳತೆ, ದಿನಕ್ಕೆ ನಾಲ್ಕು ಸಲ ಎಂದು ಅಶ್ಮಿತಾ ತಾನೇ ಬರೆದು ಕಳಿಸಿದ್ದಳು. ಈಗ ಎರಡನೆಯ ಸಲ ಕುಡಿಸುವ ಹೊತ್ತಾಗಿತ್ತು.

“ಅವರ ಮನೆ ತೋರಿಸಿ ಅಕ್ಕಾ, ಬೇಗ!” ಎನ್ನುತ್ತ ಅವಳು ಮರಗಮ್ಮನ ಮಗುವನ್ನು ಎತ್ತಿಕೊಂಡೇ ರಸ್ತೆಗಿಳಿದಳು.