ಮಾಳಿಗೆಯ ಮೋಡ

"ಆ ತಾಡಪತ್ರಿ ತೆಗಸ್ರಿ ಹಿರಿಯರ. ಅದರ ಬಣ್ಣ ಇಡೀ ಗ್ವಾಡಿಗೆ ಬಡ್ಯಾಕತ್ತದ," ಎಂದ ವೇದವ್ಯಾಸ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಬಿಗಿಯುತ್ತ.

ಚರ್ಚಿನ ಸಭೆಯ ಹಿರಿಯ ಪ್ರಭುರಾಜ ಕತ್ತೆತ್ತಿ ನೋಡಿದ. ಪ್ರಸಂಗಪೀಠದ ನೆತ್ತಿಗೇ ಸರಿಯಾಗಿ ಮಾಳಿಗೆಯ ಗಾರೆ ಕುಸಿದು, ಬಂಡಿಗಾಲಿಯಷ್ಟು ಅಗಲದ ತೂತು ಬಿದ್ದು ವರ್ಷವಾಗಿತ್ತು. ಅದರ ಮೇಲೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರು. ಹೋದ ಮಳೆಗಾಲದಲ್ಲಿ ತೊಲೆಯೊಂದು ನೀರು ಕುಡಿದು ಮೆತ್ತಗಾಗಿತ್ತು. ಇನ್ನೊಂದು ಮಳೆಗೆ ಅದು ನಿಲ್ಲುವುದಿಲ್ಲವೆಂದು ಬಡಿಗ ಹೇಳಿ ಹೋಗಿದ್ದ. ಕವಿತಾಳದ ದಾರಿಯಲ್ಲಿರುವ ಈ ಕಲ್ಲಿನ ಚರ್ಚನ್ನು ದುರಸ್ತಿ ಮಾಡಿಸಲು ರಾಯಚೂರಿನ ಹಳೆಕಟ್ಟಡಗಳ ಸಮಿತಿ ಒಪ್ಪಬೇಕು, ಒಪ್ಪಲು ಅದಕ್ಕೆ ಒಳಗಿನ ಫೋಟೋ ಬೇಕು. ಮೊಬೈಲಿನಲ್ಲಿ ತೆಗೆದರೆ ತೂತೊಂದು ಬಿಳಿ ಚುಕ್ಕೆ, ಉಳಿದದ್ದೆಲ್ಲ ಕತ್ತಲೆ. ಅದಕ್ಕೇ ವೇದವ್ಯಾಸನನ್ನು ಕರೆಸಿದ್ದು. ಅವನು ರಾಯಚೂರಿನಲ್ಲಿ ಸ್ಟುಡಿಯೋ ಇಟ್ಟವನು. ಮದುವೆ ಫೋಟೋ ಬಿಟ್ಟು ಎರಡು ವರ್ಷವಾಯಿತು, ಈಗ ತಾನು ಮನುಷ್ಯರನ್ನು ತೆಗೆಯುವುದಿಲ್ಲ, ಬೆಳಕನ್ನಷ್ಟೇ ತೆಗೆಯುತ್ತೇನೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ತಾಡಪತ್ರಿ ಇಳಿಯಿತು. ಒಂದೇ ಜಾಗವನ್ನು ಒಮ್ಮೆ ಕಪ್ಪಾಗಿ, ಒಮ್ಮೆ ಹದವಾಗಿ, ಒಮ್ಮೆ ಬೆಳ್ಳಗೆ ತೆಗೆದು ಮೂರನ್ನೂ ಕಂಪ್ಯೂಟರಿನಲ್ಲಿ ಕಲಸಿದರೆ ಕತ್ತಲೆಯೊಳಗಿನದೂ ಬಿಸಿಲೊಳಗಿನದೂ ಒಟ್ಟಿಗೇ ಕಾಣುತ್ತದೆ, ಇದಕ್ಕೆ ಎಚ್‌ಡಿಆರ್ ಎನ್ನುತ್ತಾರೆ ಎಂದು ಅವನು ಉಪದೇಶ ಮಾಡಿದ. ಪ್ರಭುರಾಜನಿಗೆ ಬೇಕಾದದ್ದು ಒಂದೇ ಮಾತು.

"ತೂತು ಕಾಣ್ಬೇಕ್ರೀ ಸರ. ತೂತಿನ ಸಲುವಾಗೇ ಈ ಫೋಟೋ."

"ಕಾಣ್ತದ್ರೀ. ನೋಡಿದವ್ರು ಕಣ್ಣು ಕೀಳಬಾರದು, ಹಂಗ ಕಾಣ್ತದ."

ಮುಂದಿನ ಬೆಂಚಿನಲ್ಲಿ ಮಹಾಂತಮ್ಮ ತೂಗಾಡುತ್ತ ಕೀರ್ತನೆ ಹಾಡುತ್ತಿದ್ದಳು. ಚರ್ಚಿನ ಕಸ ಗುಡಿಸಿ ಮುಗಿಸಿದ ಮೇಲೆ ಒಂದಷ್ಟು ಹೊತ್ತು ಹಾಡುವುದು ಅವಳ ನೇಮ. ಅಲುಗಾಡಬ್ಯಾಡ ಯವ್ವಾ ಎಂದು ವೇದವ್ಯಾಸ ಮೂರು ಸಲ ಬೇಡಿಕೊಂಡ. ದೇವರ ಪದ ಹಾಡುವಾಗ ಮೈ ಹೆಂಗ ಕಲ್ಲಾಗಬೇಕೋ ಯಪ್ಪಾ ಎಂದು ಅವಳು ಮತ್ತೆ ತೂಗಿದಳು. ಅವನು ಅಲ್ಲಿಗೆ ಬಿಟ್ಟ. ಅಲುಗಾಡಿದ್ದನ್ನು ತೆಗೆದುಹಾಕುವ ಉಪಾಯ ಕಂಪ್ಯೂಟರಿನಲ್ಲಿತ್ತು.

ವಾರದ ಮೇಲೆ, ಮಾರ್ಚ್ ತಿಂಗಳಲ್ಲಿ, ಫೋಟೋ ಬಂತು. ಪ್ರಭುರಾಜ ತಿರುಗಿಸಿ ಮುರುಗಿಸಿ ನೋಡಿದ. ಪಾಚಿ ಹಿಡಿದ ಗೋಡೆ ಜರಿ ಸೀರೆಯ ಹಾಗೆ ಮಿನುಗುತ್ತಿತ್ತು. ಗೆದ್ದಲು ತಿಂದ ಬೆಂಚು ಜೇನಿನ ಬಣ್ಣಕ್ಕೆ ಬಂದಿತ್ತು. ಮಾಳಿಗೆಯ ನಡುವೆ ನೀಲಿ ಆಕಾಶ, ಅದರಲ್ಲಿ ಹಿಂಜಿದ ಹತ್ತಿಯಂಥ ಒಂದು ಬಿಳಿ ಮೋಡ, ಸುತ್ತ ನುಣ್ಣನೆಯ ಅಂಚು. ಗಾರೆಯ ಹರಕು ಚಂದ ಕಾಣಲಿಲ್ಲ, ಅದಕ್ಕೆ ಒಂಚೂರು ಒರೆಸಿದೆ ಎಂದು ವೇದವ್ಯಾಸ ಫೋನಿನಲ್ಲಿ ಹೇಳಿದ. ಮಹಾಂತಮ್ಮ ಇಣುಕಿ ನೋಡಿ, ಬೆಂಚು ಅದ, ನಾನೆಲ್ಲಿ ಅದೀನಿ ಎಂದು ಕೇಳಿದಳು.

ಇದನ್ನು ಕಳಿಸುವುದೋ ಬೇಡವೋ ಎಂಬ ಅಳುಕು ಪ್ರಭುರಾಜನಿಗೆ ಎರಡು ದಿನ ಇತ್ತು. ಮೂರನೆಯ ದಿನ, ವಾಟ್ಸಾಪಿನಲ್ಲಿ ನೋಡಿದ ದೇವದುರ್ಗದ ಬೀಗರು ಫೋನ್ ಮಾಡಿ, ನಿಮ್ಮ ಚರ್ಚು ವಿಲಾಯತಿ ಚರ್ಚಿನಂಗ ಅದಲ್ರೀ ಎಂದರು. ಮಾನ್ವಿಯ ಪಾದ್ರಿಗಳೂ ಹೊಗಳಿದರು. ಅಳುಕು ಕರಗಿತು. ಅರ್ಜಿಯ ಮೇಲೆ ತಾನೇ ಗೋಂದು ಹಚ್ಚಿ ಫೋಟೋ ಅಂಟಿಸಿದ.

ಸಮಿತಿಯ ಉತ್ತರ ಬಹಳ ಗೌರವದಿಂದ ಬಂತು. ಮಾಳಿಗೆಯ ಮೇಲಿನ ಆಕಾಶದ ವರ್ಣಚಿತ್ರ ಅಪರೂಪದ್ದು, ಸುಸ್ಥಿತಿಯಲ್ಲಿದೆ, ಆದ್ದರಿಂದ ದುರಸ್ತಿಯ ಅಗತ್ಯ ಕಾಣುವುದಿಲ್ಲ. ಮುಂದಿನ ಆದೇಶದವರೆಗೆ ಅದನ್ನು ಯಾರೂ ಮುಟ್ಟಬಾರದು, ಮೊಳೆ ಹೊಡೆಯಬಾರದು, ಯಾವುದೇ ಹೊದಿಕೆಯಿಂದ ಮುಚ್ಚಬಾರದು.

ಅದು ಚಿತ್ರವಲ್ಲ, ತೂತು ಎಂದು ಪ್ರಭುರಾಜ ಎರಡು ಪತ್ರ ಬರೆದ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ಕಲೆಯ ವಿಷಯವನ್ನು ತಜ್ಞರೇ ಖುದ್ದಾಗಿ ಬಂದು ತೀರ್ಮಾನಿಸುವರು ಎಂದು ಬಂತು. ಅವನಿಗೆ ಹೋದ ಜೀವ ಬಂದಂತಾಯಿತು. ಇನ್ನು ವಾದ ಬೇಕಿಲ್ಲ, ಬಂದವರು ಒಮ್ಮೆ ಕತ್ತೆತ್ತಿದರೆ ಸಾಕು.

ತಜ್ಞರು ಬಂದದ್ದು ಜೂನ್ ತಿಂಗಳಲ್ಲಿ, ಮೋಡ ಕವಿದ ಒಂದು ಮಧ್ಯಾಹ್ನ. ಜೊತೆಯಲ್ಲಿ ವೇದವ್ಯಾಸ, ಈಗ ಅವನು ಸಮಿತಿಯ ಅಧಿಕೃತ ಛಾಯಾಗ್ರಾಹಕ. ತಜ್ಞರು ಪೀಠದ ಬಳಿ ನಿಂತು ಕತ್ತೆತ್ತಿದರು. ಕೈಯಲ್ಲಿದ್ದ ಫೋಟೋ ನೋಡಿದರು. ಮತ್ತೆ ಕತ್ತೆತ್ತಿದರು. ಮೇಲೆ ಬೂದಿ ಬಣ್ಣದ ಮೋಡ ನಿಧಾನಕ್ಕೆ ಸರಿಯುತ್ತಿತ್ತು. ಪ್ರಭುರಾಜ ತಾನೂ ಕತ್ತೆತ್ತಿ ಕಾದ. ವೇದವ್ಯಾಸ ತನ್ನ ಬೂಟು ನೋಡಿಕೊಂಡ. ಟಪ್ ಎಂದು ದಪ್ಪನೆಯ ಹನಿಯೊಂದು ಫೋಟೋದ ಮೇಲೆ ಬಿತ್ತು. ತಜ್ಞರು ಕರವಸ್ತ್ರ ತೆಗೆದು ಜೋಪಾನವಾಗಿ ಒರೆಸಿ, ಫೋಟೋವನ್ನು ಫೈಲಿನೊಳಗೆ ಇಟ್ಟುಕೊಂಡರು. ಆಮೇಲೆ ಪ್ರಭುರಾಜನ ಕಡೆ ತಿರುಗಿದರು. ಅವರ ಮುಖ ಗಂಟಿಕ್ಕಿತ್ತು.

"ಮೂರು ತಿಂಗಳದಾಗ ಬಣ್ಣ ಇಷ್ಟು ಮಾಸ್ಯಾವ. ಇಲ್ಲೀತನಕ ನೀವೆಲ್ಲ ಏನ್ ಮಾಡಾಕತ್ತಿದ್ರಿ?"