ಕಟ್ಟೆಯಿಂದ ಬೀದಿಗೆ

ಆಕೆ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದಲೇ, "ಲಿಫ್ಟು ಜಗಲಿ ಕಟ್ಟಿಗೆ ಅಂಟಿಸಿ ಇಡ್ರಿ" ಎಂದಳು.

ಹೂವಿನಹಡಗಲಿಯ ಮೆಕ್ಯಾನಿಕ್ ಯೂನುಸ ಹಲ್ಲು ಕಚ್ಚಿದ. ಸ್ಕೂಟರ್ ಎತ್ತುವ ಲಿಫ್ಟು ಬೇಕೆಂದು ಫೋನು ಮಾಡಿದಾಗ ಈ ಶಾಂಭವಿ ಬಾಯಿ ತುಂಬ ಅಣ್ಣಾ ಎಂದಿದ್ದಳು. ಹಿರೇಹಡಗಲಿಯ ಓಣಿಗೆ ಬಂದು ನಿಂತರೆ ಎದ್ದು ಬರಲೂ ಒಲ್ಲಳು. ಚಹಾದ ಲೋಟವನ್ನು ಸರಳುಗಳ ಸಂದಿಯಿಂದ ಚಾಚಿದಳು. ಇಂಥ ಚಹಾವನ್ನು ಅವನ ಅಪ್ಪ ಜೀವಮಾನವಿಡೀ ಹೊರಗೆ ನಿಂತು ಕುಡಿದಿದ್ದ. ಕೈ ಬೇಕು, ಮನುಷ್ಯ ಬೇಡ.

ಯೂನುಸ ಲೋಟ ಮುಟ್ಟಲಿಲ್ಲ.

"ಗಾಡಿ ಎಲ್ಲೈತ್ರಿ, ಅಮ್ಮಾರ?"

"ಒಳಗೈತಿ. ನಮ್ಮವ್ವ ಇದ್ದಾಗ ಆಕೀನೇ ಇಳಸ್ತಿದ್ಲು. ಆಕಿ ಹೋದ ಮ್ಯಾಲೆ ಬೀದಿ ಕಂಡಿಲ್ಲ."

ಮುದುಕಿ ಸ್ಕೂಟರ್ ಇಳಿಸುತ್ತಿದ್ದಳಂತೆ! ಸಿಟ್ಟಿನಲ್ಲೂ ಅವನಿಗೆ ನಗು ಬಂತು.

"ಇಷ್ಟಕ್ಕ ಲಿಫ್ಟ್ ಯಾಕ್ರಿ? ಸಿಮೆಂಟಿನ ಇಳಿಜಾರು ಸಾಕಿತ್ತು."

"ಹಾಕಿಸಿದ್ದೆ. ಎದುರು ಮನಿಯವರ ಕಾರಿಗೆ ಅಡ್ಡ ಆತಂತ ಒಡದು ಹಾಕಿದ್ರು. ಓಣ್ಯಾಗ ಒಬ್ಬರೂ ಕೇಳಲಿಲ್ಲ."

ಅವನು ನೆಲ ಸಮ ಮಾಡಿ ಲಿಫ್ಟು ಕೂರಿಸಿದ. ಸ್ಕೂಟರಿನ ಭಾರಕ್ಕಿಂತ ದುಪ್ಪಟ್ಟು ತಾಳುವುದನ್ನೇ ಆರಿಸಿ ತಂದಿದ್ದ. ಕಾಲಿನಿಂದ ತುಳಿದು ಎತ್ತುವ ಲಿಫ್ಟು ಬಾಳಿಕೆಯದು ಎಂದರೂ ಆಕೆ ಕೈಸ್ವಿಚ್ಚಿನದೇ ಬೇಕೆಂದು ಹಟ ಹಿಡಿದಿದ್ದಳು. ಕಾಲು ನೆಲಕ್ಕೆ ತಾಗಿಸದ ಜನ, ಅಂದುಕೊಂಡಿದ್ದ.

"ನೋಡ್ರಿ, ಮೊದಲು ಚಕ್ರಕ್ಕ ಅಡ್ಡ ಕೊಡಬೇಕು. ಆಮ್ಯಾಲೆ ಪಟ್ಟಿ ಬಿಗಿದು ಅಲುಗಾಡಿಸಿ ನೋಡ್ಬೇಕು. ಮ್ಯಾಲೆ ನಿಲ್ಲಿಸಿದ್ರ ಪಿನ್ನು ಹಾಕಬೇಕು. ಇಳಸಾಗ ಪಿನ್ನು ತಗದು, ನಿಧಾನಕ."

"ಇನ್ನೊಮ್ಮಿ ಹೇಳ್ರಿ."

ಹೇಳಿದ. ಪಾಠ ಒಪ್ಪಿಸುವ ಮಗುವಿನಂತೆ ಸರಳುಗಳ ಹಿಂದೆ ಆಕೆಯ ತುಟಿ ಆಡಿತು.

"ಇದರ ಮ್ಯಾಲೆ ಮನಷ್ಯಾರು ಹತ್ತಂಗಿಲ್ಲ. ತಗಡಿನ ಮ್ಯಾಲೆ ಬರದಾರ."

"ಮನಷ್ಯಾರು ಅಂದ್ರ ಯಾರ್ಯಾರ್ರೀ?"

ಸೊಕ್ಕು ನೋಡು! ಯೂನುಸನ ಸಹನೆ ಹರಿಯಿತು. "ನನ್ನಂಥೋರಿಗೆ ನಿಮ್ಮ ಬಾಗಿಲು ತಗಿಯಂಗಿಲ್ಲೇನ್ರಿ?"



"ತಗೀತೀನಿ. ಲಿಫ್ಟಿನ ಹಲಗಿ ಜಗಲಿ ಕಟ್ಟಿಗೆ ಸಮ ಮಾಡ್ರಿ."

ಯೂನುಸ ಸ್ವಿಚ್ಚು ಒತ್ತಿದ. ಹಲಗೆ ಮೇಲೇರಿ ಕಟ್ಟೆಗೆ ತಾಗಿ ನಿಂತಿತು. ಪಿನ್ನು ಹಾಕಿದ. ಚಿಲಕ ಸರಿದದ್ದು ಬಾಗಿಲ ತೀರ ಕೆಳಭಾಗದಲ್ಲಿ.

ತನ್ನ ಕೈಗಳಿಂದಲೇ ಗಾಲಿಕುರ್ಚಿ ಉರುಳಿಸಿಕೊಂಡು ಹೊರಬಂದ ಶಾಂಭವಿ ಹಲಗೆಯ ಅಂಚಿನಲ್ಲಿ ತಡೆದು, "ಪಟ್ಟಿ ನೀವ ಬಿಗೀರಿ, ಅಣ್ಣಾ" ಎಂದಳು.